ಗೋಡೆಯ ಮೇಲಿನ ನಂಬರು ಮಸ್ಕತ್ತಿಗೆ

ರಾಯಚೂರು, ತೀನ್ ಕಂದೀಲ್
೯-೨-೨೦೨೫, ಭಾನುವಾರ

ನಮ್ಮ ಮನೆಯವರಿಗೆ ಉಮಾದೇವಿಯ ನಮಸ್ಕಾರ.

ಮೊದಲು ನಿಮ್ಮ ಆರೋಗ್ಯದ ಮಾತು. ಎದೆಯುರಿ ಹೇಗಿದೆ? ಹೊರಗಿನ ಎಣ್ಣೆಯ ಮಿರ್ಚಿ ನಿಮಗೆ ಆಗಿಬರುವುದಿಲ್ಲ, ಹಾಗೆಂದು ಹೇಳುವವರು ಈಗ ಇದ್ದಾರೋ ಇಲ್ಲವೋ ತಿಳಿಯದು. ಬುಧವಾರದಿಂದ ನಿಮ್ಮ ಫೋನು ಬಾಯಿ ಬಿಟ್ಟಿಲ್ಲವಾದ್ದರಿಂದ ಮಧ್ಯಾಹ್ನದ ನಿದ್ದೆಯಾದರೂ ಚೆನ್ನಾಗಿ ಬರುತ್ತಿರಬೇಕು. ಮೊದಲು ಸಿಮ್ ತೆಗೆದು ಅಂಗಿಗೆ ಒರೆಸಿ ಹಾಕಿದಿರಿ. ಆಮೇಲೆ ಟವರಿನವರನ್ನು ಬೈದಿರಿ. ಆಮೇಲೆ ಕಂಪನಿಯ ಅಂಗಡಿಗೆ ಹೋದಿರಿ, ಅಲ್ಲಿ ಕೂತಿದ್ದ ಹುಡುಗಿ ‘ಇದು ಯಾರ ಹೆಸರಿನಾಗ ಅದ, ಅವರನ್ನ ಕರಕೊಂಡು ಬರ್ರಿ’ ಎಂದಳು. ಇದೆಲ್ಲ ನನಗೆ ಯಾರು ಹೇಳಿದರು ಎಂಬುದು ಕೊನೆಗೆ ತಿಳಿಯುತ್ತದೆ, ಹಾಳೆ ಮಗುಚಿ ನೋಡಬೇಡಿ. ನಾನು ಆರಾಮಾಗಿದ್ದೇನೆ. ಕಾಲಿನ ಸುಟ್ಟ ಗಾಯ ಮಾಗಿದೆ, ಚಳಿಗೆ ಮಾತ್ರ ಜುಮುಗುಡುತ್ತದೆ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು ಇಷ್ಟುದ್ದ ಪತ್ರ ಬರೆದದ್ದು ಇದೇ ಮೊದಲು. ತಪ್ಪಿದ್ದರೆ ತಿದ್ದಿಕೊಂಡು ಓದಿ, ಆದರೆ ಪೂರ್ತಿ ಓದಿ.

ನಿಮ್ಮ ನಂಬರು ನಿಮ್ಮದಲ್ಲ ಎಂಬುದನ್ನು ನೀವು ಮರೆತೇಬಿಟ್ಟಿದ್ದಿರಿ, ಅಲ್ಲವೇ. ನಾನೂ ಮರೆತಿದ್ದೆ. ಮದುವೆಯಾದ ವರ್ಷ ದೇವದುರ್ಗದಲ್ಲಿ ಆ ಸಿಮ್ ಕೊಂಡಾಗ ನಿಮ್ಮ ಆಧಾರ್ ಕಾರ್ಡಿನಲ್ಲಿ ಅಪ್ಪನ ಹೆಸರು ತಪ್ಪು ಬಿದ್ದಿತ್ತು, ತಿದ್ದಿಸಲು ನಿಮಗೆ ಬೇಸರ. ‘ನೀ ಒತ್ತು’ ಎಂದಿರಿ, ನಾನು ಹೆಬ್ಬೆರಳು ಒತ್ತಿದೆ. ಕೊನೆಯಲ್ಲಿ ಮೂರು ಏಳು ಒಟ್ಟಿಗೆ ಬರುವ ನಂಬರನ್ನು ನೀವೇ ಆರಿಸಿದಿರಿ. ಆಗ ನೀವು ಶಾಮಿಯಾನದ ಕಂಬ ಹೊರುತ್ತಿದ್ದಿರಿ, ನಾನು ಮಾನ್ವಿಯಲ್ಲಿ ಅವ್ವನ ಜೊತೆ ಖಾನಾವಳಿಗೆ ರೊಟ್ಟಿ ಬಡಿದು ಬೆಳೆದವಳು. ನನ್ನ ಬದನೆಕಾಯಿ ಪಲ್ಯಕ್ಕೂ ಹೋಳಿಗೆಗೂ ಮಂದಿ ಕರೆಯತೊಡಗಿದಾಗ ನೀವು ಒಂದು ಮಾತು ಹೇಳಿದಿರಿ: ‘ನೀ ಒಲಿ ಮುಂದ ಇರು, ನಾ ಮಂದಿ ಮುಂದ ಇರ್ತೀನಿ.’ ನನಗೆ ಅದು ಬೇಕಾಗಿತ್ತು ಕೂಡ. ಹೊಸಬರು ಬಂದರೆ ನಾನು ಸೆರಗು ಎಳೆದುಕೊಂಡು ಒಳಗೆ ಹೋಗುವವಳು. ಒಮ್ಮೆ ನೀವು ಸ್ನಾನಕ್ಕೆ ಹೋದಾಗ ಫೋನೆತ್ತಿದೆ. ಅವರು ಮೂರು ಸಲ ‘ಹಲೋ’ ಎಂದ ಮೇಲೆ ‘ಹೇಳ್ರಿ’ ಎಂದೆ. ‘ನಿನ್ನ ದನಿ ಇಲಿ ಚೀರಿದಂಗ ಕೇಳಸ್ತದ, ಮುಟ್ಟಬ್ಯಾಡ’ ಎಂದು ನಕ್ಕಿರಿ. ಮುಟ್ಟಲಿಲ್ಲ. ಆರು ವರ್ಷ ನಾನು ಒಲೆಯ ಮುಂದೆ, ನಂಬರು ಗೋಡೆಯ ಮೇಲೆ. ದೇವದುರ್ಗದ ಸಂತೆ ಗೋಡೆ, ಗಬ್ಬೂರಿನ ನೀರಿನ ಟಾಕಿ, ಸಿರವಾರ ಕ್ರಾಸಿನ ಸೇತುವೆ, ಮಾನ್ವಿ ರಸ್ತೆಯ ಗಿರಣಿಯ ಬೆನ್ನು, ಎಲ್ಲ ಕಡೆ ನೀಲಿ ಬಣ್ಣದಲ್ಲಿ ‘ಸಂಜೀವ ಕ್ಯಾಟರಿಂಗ್’, ಕೆಳಗೆ ನನ್ನ ಹೆಬ್ಬೆರಳಿನ ಹತ್ತು ಅಂಕಿ.

ಮೂರು ವರ್ಷದ ಹಿಂದೆ ದ್ರಾಕ್ಷಿಯ ದಿನಗಳಲ್ಲಿ ಸಿರವಾರದ ಮದುವೆಯಲ್ಲಿ ಬಜ್ಜಿಯ ಬಾಣಲೆ ವಾಲಿ ನನ್ನ ಕಾಲಿನ ಮೇಲೆ ಬಿತ್ತು. ರಾಯಚೂರಿನ ದವಾಖಾನೆಯಲ್ಲಿ ಹನ್ನೊಂದು ದಿನ ಮಲಗಿದ್ದೆ. ಸೇರಿಸಿ ಹೋದವರು ಮೂರು ದಿನ ಬರಲಿಲ್ಲ. ನನ್ನ ಫೋನಿನಿಂದ ಹಚ್ಚಿದರೆ ಹತ್ತುತ್ತಿರಲಿಲ್ಲ. ಪಕ್ಕದ ಮಂಚದ ಹೆಣ್ಣುಮಗಳ ಫೋನು ಬೇಡಿ ಹಚ್ಚಿದೆ. ಮೊದಲ ಗಂಟೆಗೇ ಎತ್ತಿದಿರಿ. ‘ಸಂಜೀವ ಕ್ಯಾಟರಿಂಗ್, ಹೇಳ್ರಿ ಸರ್’ ಎಂಬ ಆ ಬೆಲ್ಲದ ದನಿಯನ್ನು ನಾನು ಅಲ್ಲಿಯವರೆಗೆ ದೂರದಿಂದ ಕೇಳಿದ್ದೆನೇ ಹೊರತು ಕಿವಿಯಲ್ಲಿ ಕೇಳಿರಲಿಲ್ಲ. ‘ನಾನ್ರೀ, ಉರಿ ತಡಕೊಳ್ಳಾಕ ಆಗವಲ್ದು’ ಎಂದೆ. ನೀವು ‘ರಾಂಗ್ ನಂಬರ್’ ಎಂದು ಇಟ್ಟಿರಿ. ಆ ಹೆಣ್ಣುಮಗಳು ನನ್ನ ಮುಖ ನೋಡಿದಳು, ನಾನು ನಂಬರು ತಪ್ಪಿದೆ ಎಂದೆ. ಐದನೇ ದಿನ ಬಂದಿರಿ. ಅರ್ಧ ಕಿಲೋ ದ್ರಾಕ್ಷಿ ತಂದಿದ್ದಿರಿ, ಜೊತೆಗೆ ಸಣ್ಣ ಮಷೀನು ಹಿಡಿದ ಒಬ್ಬ. ‘ದವಾಖಾನಿ ಕಾಗದಕ್ಕ ಹೆಬ್ಬಟ್ಟು ಬೇಕಂತ’ ಎಂದಿರಿ, ಒತ್ತಿದೆ. ನೀವು ಬಂದದ್ದಕ್ಕೇ ನನಗೆ ಎಷ್ಟು ಸಮಾಧಾನವಾಗಿತ್ತೆಂದರೆ ಒಂದೊಂದೇ ದ್ರಾಕ್ಷಿಯನ್ನು ಎರಡು ದಿನ ತಿಂದೆ.

ಆಮೇಲಿನದು ಊರಿಗೆಲ್ಲ ಗೊತ್ತು. ನಮ್ಮ ಜೊತೆ ಉಳ್ಳಾಗಡ್ಡಿ ಹೆಚ್ಚುತ್ತಿದ್ದ ಹುಲಿಗೆಮ್ಮನ ಮನೆಗೆ, ಸಿರವಾರಕ್ಕೆ, ನಿಮ್ಮ ಪಾತ್ರೆ ಹೋದವು, ಸೌಟು ಹೋದವು, ನೀವೂ ಹೋದಿರಿ. ನಾನು ಮಾನ್ವಿಗೆ ಬಂದೆ. ನನ್ನ ಜೊತೆ ಶಾಲೆಗೆ ಬರುತ್ತಿದ್ದ ವಾಹಿದಾ ಈಗ ಮಸ್ಕತ್ತಿನಲ್ಲಿ ಕೆಲಸಗಾರರ ಮೆಸ್ಸಿನಲ್ಲಿದ್ದಾಳೆ. ನಮ್ಮ ಕಡೆಯ, ತೆಲಂಗಾಣದ ಕಡೆಯ ಮುನ್ನೂರು ಮಂದಿ ಉಣ್ಣುತ್ತಾರೆ, ಜೋಳದ ರೊಟ್ಟಿ ಬಡಿಯುವವರು ಸಿಗುತ್ತಿಲ್ಲ. ‘ಬಾರೇ, ಇಲ್ಲಿ ನಿನ್ನ ರೊಟ್ಟಿ ತನ್ನವು ಅಂತ ಯಾರೂ ಮಂದಿ ಮುಂದ ನಿಂದ್ರೂದಿಲ್ಲ’ ಎಂದಳು. ಕಡಿಮೆ ಓದಿದ ಹೆಣ್ಣುಮಕ್ಕಳಿಗೆ ಮೂವತ್ತು ತುಂಬದೆ ಆ ಕಡೆಗೆ ಕೆಲಸಕ್ಕೆ ಬಿಡುವುದಿಲ್ಲವಂತೆ. ಮೂವತ್ತು ತುಂಬಲಿ ಎಂದು ಕಾದೆ. ಹೆಂಗಸರು ವಯಸ್ಸಾಯಿತೆಂದು ಅಳುತ್ತಾರೆ, ನಾನು ಮೂವತ್ತಕ್ಕೆ ಹೋಳಿಗೆ ಮಾಡಿ ಉಂಡೆ. ಮಂಗಳವಾರ ಹೈದರಾಬಾದಿನಿಂದ ವಿಮಾನ.

ಇಲ್ಲಿಯವರೆಗೂ ನನ್ನ ಮನಸ್ಸಿನಲ್ಲಿ ನಿಮಗೆ ಕೇಡು ಮಾಡುವ ಯೋಚನೆ ಇರಲಿಲ್ಲ. ಪರದೇಶಕ್ಕೆ ಯಾವ ಫೋನು ಒಯ್ಯಬೇಕೆಂದು ಕೇಳಲು ಬುಧವಾರ ತೀನ್ ಕಂದೀಲಿನ ವಲಿ ಪಾಷಾನ ಸಿಮ್ ಅಂಗಡಿಗೆ ಹೋದೆ, ಅಷ್ಟೇ. ಅವನು ಸಮಾಧಾನದ ಮನುಷ್ಯ, ನಾನು ಮಾತು ನುಂಗಿದರೂ ಕಾಯುತ್ತಾನೆ. ಅವನು ಹೇಳಿದ್ದು ಇಷ್ಟು: ಅಲ್ಲಿ ಇಳಿದ ಮೇಲೆ ಅಲ್ಲಿನದೇ ಸಿಮ್ ತೆಗೆದುಕೊಂಡರೆ ಊರೊಳಗೆ ಮಾತು ಅಗ್ಗ. ವಾಟ್ಸಾಪಿನಲ್ಲಿ ಅಕ್ಷರ ಹೋಗುತ್ತವೆ, ಮಾತು ಅಲ್ಲಿಂದ ಸರಿಯಾಗಿ ದಾಟುವುದಿಲ್ಲ, ಅದನ್ನು ನಂಬಬೇಡ. ಇಲ್ಲಿಯ ನಂಬರನ್ನು ಮಾತ್ರ ಸಾಯಿಸಬೇಡ, ಬ್ಯಾಂಕಿನ ಸಂದೇಶ ಅದಕ್ಕೇ ಬರುತ್ತದೆ, ಪರದೇಶದ ಪ್ಯಾಕು ಹಾಕಿಸಿ ಫೋನಿನ ಎರಡನೇ ಮನೆಯಲ್ಲಿಡು ಎಂದ. ನನ್ನ ಆಧಾರ್ ಹಾಕಿ ಮಷೀನು ನೋಡಿ ಕೇಳಿದ: ‘ಅಕ್ಕಾ, ನಿನ್ನ ಹೆಸರಿನಾಗ ಮೂರು ನಂಬರ್ ಅದಾವ. ಯಾವುದನ್ನ ಒಯ್ತಿ?’

ಒಂದು ನನ್ನದು. ಇನ್ನೊಂದರ ಕೊನೆಯಲ್ಲಿ ಮೂರು ಏಳು. ಮೂರನೆಯದು ನನಗೆ ಗೊತ್ತಿಲ್ಲದ್ದು. ಅವನು ಅದಕ್ಕೆ ಹಚ್ಚಿ ಸ್ಪೀಕರಿಗೆ ಹಾಕಿದ. ‘ಯಾರ್ರೀ?’ ಎಂದಿತು ಒಂದು ದನಿ. ಐದು ವರ್ಷ ನನ್ನ ಎದುರಿಗೆ ಕೂತು ಉಳ್ಳಾಗಡ್ಡಿ ಹೆಚ್ಚಿದ ಹುಲಿಗೆಮ್ಮನ ದನಿ. ಕೈ ಚಾಚಿ ಕರೆ ಕಡಿದೆ. ನನ್ನ ಹೆಬ್ಬೆರಳನ್ನು ನೋಡಿಕೊಂಡೆ. ದವಾಖಾನೆಯ ಕಾಗದ ಯಾವುದೆಂದು ಆಗ ತಿಳಿಯಿತು. ವಲಿ ಪಾಷಾ ಚಹಾ ತರಿಸಿದ, ಅದು ಆರಿ ಕೆನೆ ಕಟ್ಟಿತು. ಕಡೆಗೆ ನಾನು ಹೇಳಿದೆ, ಮೂರು ಏಳಿನದನ್ನು ಒಯ್ಯುತ್ತೇನೆ. ಸಿಮ್ ಕೈಯಲ್ಲಿಲ್ಲ, ಹೊಸದು ಕೊಡು, ಹಳೆಯದು ಎಲ್ಲಿದೆಯೋ ಅಲ್ಲಿಯೇ ಸಾಯಲಿ.

ಅದು ಸುಲಭಕ್ಕೆ ಆಗಲಿಲ್ಲ, ಅದನ್ನೂ ಕೇಳಿ. ಹೆಬ್ಬೆರಳು ಇಟ್ಟರೆ ಮಷೀನಿನಲ್ಲಿ ಕೆಂಪು ದೀಪ. ಒರೆಸಿ ಇಟ್ಟೆ, ಕೆಂಪು. ತೋರುಬೆರಳು, ನಡುಬೆರಳು, ಎಲ್ಲ ಕೆಂಪು. ನಿಮ್ಮ ನಂಬರಿಗೆ ಬಂದ ಪಂಕ್ತಿಗಳಿಗೆಲ್ಲ ರೊಟ್ಟಿ ಬಡಿದು, ಕಾದ ಹಂಚಿನ ಮೇಲೆ ಮಗುಚಿ ಮಗುಚಿ ನನ್ನ ಬಲಗೈಯ ಗೆರೆ ಸವೆದುಹೋಗಿವೆ. ಆ ಕೈ ದುಡಿದು ಹೆಸರು ಮಾಡಿದ ನಂಬರು ಆ ಕೈಯನ್ನೇ ಗುರುತಿಸಲಿಲ್ಲ. ಹಿಂದೆ ನಿಂತಿದ್ದವರು ‘ಆಯಮ್ಮಂದು ಮುಗೀತೇನ್ರಿ?’ ಎಂದು ಗೊಣಗಿದರು. ಬೇರೆ ದಿನವಾಗಿದ್ದರೆ ನಾಚಿಕೆಗೆ ಎದ್ದು ಬಂದುಬಿಡುತ್ತಿದ್ದೆ. ಬುಧವಾರ ಏಳಲಿಲ್ಲ. ಅಂಗಡಿಯ ಹಿಂದಿನ ನಳಕ್ಕೆ ಹೋಗಿ ಸೋಪು ಹಚ್ಚಿ ಕಲ್ಲಿಗೆ ತಿಕ್ಕಿ ತೊಳೆದು ಬಂದೆ. ಕೆಂಪು. ಕಡೆಗೆ ವಲಿ ಪಾಷಾ ‘ಎಡಗೈ ಕೊಡು ಅಕ್ಕಾ, ಅದಕ್ಕ ನೀ ಕೆಲಸ ಹಚ್ಚಿಲ್ಲ’ ಎಂದ. ಎಡಗೈಯ ಕಿರುಬೆರಳು ಇಟ್ಟೆ. ಹಸಿರು. ಹೊಸ ಸಿಮ್ಮಿಗೆ ಜೀವ ಬಂದ ಹೊತ್ತಿಗೆ ನಿಮ್ಮ ಕಿಸೆಯಲ್ಲಿದ್ದದ್ದು ಪ್ಲಾಸ್ಟಿಕ್ ಚೂರಾಯಿತು.

ಮರುದಿನ ಬೆಳಿಗ್ಗೆಯಿಂದ ಬಾರಿಸತೊಡಗಿತು. ಮೊದಲ ಎರಡು ಕರೆ ಎತ್ತಲು ಧೈರ್ಯವಾಗಲಿಲ್ಲ. ಮೂರನೆಯದು ಗಬ್ಬೂರಿನ ಒಬ್ಬ ಹಿರಿಯರದು. ‘ಸಂಜೀವ ಏನ್ರೀ?’ ಎಂದರು. ‘ಅಲ್ರೀ, ಅಡುಗಿ ಮಾಡಾಕಿ ಮಾತಾಡಾಕತ್ತೀನಿ’ ಎಂದೆ. ‘ಯವ್ವಾ, ನಮ್ಮ ದೊಡ್ಡ ಮಗಳ ಲಗ್ನದಾಗ ಆ ಬದನಿಕಾಯಿ ಮಾಡಿದ್ದು ನೀನಾ? ಆ ಮಗ ಒಂದಿನನೂ ಹೇಳಲಿಲ್ಲಲ್ಲ’ ಎಂದರು. ಅವರಿಗೆ ನಾನು ಬಸವಂತಮ್ಮನ ನಂಬರು ಕೊಟ್ಟೆ. ಗಬ್ಬೂರಿನ ಬಸವಂತಮ್ಮ, ನನ್ನ ಪಕ್ಕದಲ್ಲಿ ನಿಂತು ಕಣಕ ನಾದಿದವಳು, ನೀವು ‘ಮುದುಕಿ’ ಎಂದು ಬಿಡಿಸಿ ಕಳಿಸಿದವಳು. ಈ ನಾಲ್ಕು ದಿನದಲ್ಲಿ ಬಂದ ಹದಿನಾಲ್ಕು ಮದುವೆಯನ್ನೂ ಆಕೆಗೇ ಕಳಿಸಿದ್ದೇನೆ. ಮಾನ್ವಿಯ ದೊಡ್ಡ ಮದುವೆಯವರೂ ಕೇಳಿದರು, ಮೊದಲೇ ನಿಮಗೆ ಮಾತು ಕೊಟ್ಟವರು. ಅಡುಗೆ ಮಾಡುತ್ತಿದ್ದವಳು ಈಗ ಅಲ್ಲಿಲ್ಲ ಎಂಬ ನಿಜವನ್ನಷ್ಟೇ ಹೇಳಿದೆ. ಅವರೇ ಬೇರೆ ಕಡೆ ನೋಡಿಕೊಂಡರು.

ಗುರುವಾರ ಮಧ್ಯಾಹ್ನ ಗೊತ್ತಿಲ್ಲದ ನಂಬರಿನಿಂದ ಒಬ್ಬರು ಮಾಡಿದ್ದರು. ‘ಯಾರಲೇ ಅದು, ಈ ನಂಬರ್ ನಂದು, ನಿನಗ ಹೆಂಗ ಬಂತು?’ ಎಂದು ಏರುದನಿಯಲ್ಲಿ ಕೇಳಿದರು. ನಾನು ‘ರಾಂಗ್ ನಂಬರ್’ ಎಂದು ಇಟ್ಟೆ. ಅದು ನಾನೇ. ನಿಮಗೆ ಗುರುತು ಸಿಕ್ಕಲಿಲ್ಲ. ಆರು ವರ್ಷ ಒಂದೇ ಮನೆಯಲ್ಲಿದ್ದು, ಫೋನಿನಲ್ಲಿ ನಿಮ್ಮ ಹೆಂಡತಿಯ ದನಿ ಹೇಗಿರುತ್ತದೆಂದು ನಿಮಗೆ ಗೊತ್ತೇ ಇರಲಿಲ್ಲ. ಆ ಸಂಜೆ ಎರಡು ರೊಟ್ಟಿ ಹೆಚ್ಚಿಗೆ ಉಂಡೆ.

ನಿನ್ನೆ ಪ್ಯಾಕು ಹಾಕಿಸಿದೆ. ವಲಿ ಪಾಷಾ ಎರಡು ತೋರಿಸಿದ. ಒಂದು ಅಗ್ಗದ್ದು, ಅದರಲ್ಲಿ ಸಂದೇಶ ಮಾತ್ರ ಬರುತ್ತವೆ, ಕರೆ ಮಾಡಿದವರಿಗೆ ವ್ಯಾಪ್ತಿಯ ಹೊರಗೆ ಎಂದು ಹೇಳುತ್ತದೆ. ಇನ್ನೊಂದು ತುಟ್ಟಿ, ಅದರಲ್ಲಿ ಇಲ್ಲಿಯ ಕರೆ ಅಲ್ಲಿಯೂ ಬಾರಿಸುತ್ತದೆ. ‘ನಿನಗ ಮಾತು ಬ್ಯಾಡ ಅಕ್ಕಾ, ಅಗ್ಗದ್ದು ಸಾಕು’ ಎಂದ. ನನಗೆ ಮಾತು ಬೇಕು ಎಂದೆ, ಬಾರಿಸುವುದನ್ನೇ ಹಾಕಿಸಿದೆ. ನೀವು ಊರೂರಿನ ಗೋಡೆಗೆ ನೀಲಿ ಬಣ್ಣ ಬಳಿಸಿದ್ದೀರಿ. ಅವನ್ನೆಲ್ಲ ಅಳಿಸಿ ಬೇರೆ ಅಂಕಿ ಬರೆಸುವಷ್ಟರಲ್ಲಿ ಲಗ್ನದ ದಿನಗಳು ಮುಗಿದಿರುತ್ತವೆ. ಅಲ್ಲಿಯವರೆಗೆ ಸಿರವಾರ ಕ್ರಾಸಿನಲ್ಲಿ ನಿಂತು ಯಾರು ಆ ನಂಬರು ಒತ್ತಿದರೂ ಅದು ಮಸ್ಕತ್ತಿನಲ್ಲಿ, ನನ್ನ ಹಂಚಿನ ಪಕ್ಕದಲ್ಲಿ ಬಾರಿಸುತ್ತದೆ. ಎಡಗೈಯಿಂದ ಎತ್ತುತ್ತೇನೆ.

ಬಸವಂತಮ್ಮ ನಿಮ್ಮನ್ನು ಕೇಳಿದಳು, ತನ್ನ ದೊಡ್ಡ ಸೌಟು ನಿಮ್ಮಲ್ಲೇ ಉಳಿದಿದೆಯಂತೆ, ಕಳಿಸಿಕೊಡಿ. ನಿಮ್ಮ ಹೊಟ್ಟೆ ತಣ್ಣಗಿರಲಿ. ಆಯುಷ್ಯ ಗಟ್ಟಿಯಾಗಿರಲಿ, ಆ ಗೋಡೆಗಳ ಮುಂದೆ ದಿನಾಲು ಹಾಯುವಷ್ಟು.

ಇಂತಿ,
ಒಲೆಯ ಮುಂದಿನವಳು,
ಉಮಾದೇವಿ

ವಿ.ಸೂ.: ಮೂರನೆಯ ನಂಬರಿನ ಮಾತು ಉಳಿಯಿತು, ಬಸ್ಸಿಗೆ ಹೊತ್ತಾಗಿದೆ, ಬೇಗ ಬರೆಯುತ್ತೇನೆ. ಶುಕ್ರವಾರ ಹುಲಿಗೆಮ್ಮನಿಗೆ ಹಚ್ಚಿದೆ. ಬೈಯಲೆಂದೇ ಹಚ್ಚಿದ್ದು, ಬೈದೆ. ಆಕೆ ಎಲ್ಲ ಕೇಳಿಸಿಕೊಂಡು, ‘ಅಕ್ಕಾ, ಸಿಮ್ ನಿನ್ನ ಹೆಸರಿನಾಗ ಅದ ಅಂತ ನನಗ ಗೊತ್ತಿದ್ದಿಲ್ಲ, ಅರ್ಧ ಕಿಲೋ ದ್ರಾಕ್ಷಿ ಜೊತಿಗೆ ತಂದುಕೊಟ್ಟಿದ್ದ’ ಎಂದಳು. ಒಂದು ಕಿಲೋ ಕೊಂಡು ಎರಡು ಪೊಟ್ಟಣ ಕಟ್ಟಿಸಿದ್ದೆಯಾ? ನೀನು ಕಂಪನಿಯ ಅಂಗಡಿಗೆ ಹೋಗಿ ಬಂದ ಕತೆ ಹೇಳಿದವಳೂ ಆಕೆಯೇ. ಆಕೆಗೆ, ಈ ನಂಬರು ಮುಚ್ಚಿಸುತ್ತೇನೆ, ನಿನ್ನ ಬೆರಳಿನ ಮೇಲೆ ಒಂದು ತೆಗೆದುಕೋ ಬಾ ಎಂದೆ. ಇವತ್ತು ಸಿರವಾರದಿಂದ ಬಂದಳು. ವಲಿ ಪಾಷಾ ನೋಡಿದರೆ ಆಕೆಯ ಹೆಸರಿನಲ್ಲಿ ಆಗಲೇ ಒಂದು ನಂಬರು ನಡೆಯುತ್ತಿದೆ, ಆಕೆಗೆ ಗೊತ್ತಿಲ್ಲದ್ದು. ಶ್ರಾವಣದಲ್ಲಿ ರೇಷನ್ ಕಾರ್ಡಿಗೆಂದು ನೀನು ಆಕೆಯ ಹೆಬ್ಬಟ್ಟು ಒತ್ತಿಸಿದ್ದೆಯಂತೆ. ಹಚ್ಚಿದೆವು. ಒಬ್ಬ ಹೆಣ್ಣುಮಗಳು ಎತ್ತಿದಳು. ‘ಸಂಜೀವ ಅದಾರೇನ್ರೀ?’ ಎಂದು ಹುಲಿಗೆಮ್ಮ ಕೇಳಿದಳು. ‘ಸಿರವಾರಕ್ಕ ಹೋಗ್ಯಾರ, ಸಂಜಿಕ ಬರ್ತಾರ’ ಎಂದಳು ಆಕೆ. ಈ ಪತ್ರವನ್ನು ಅಂಚೆಗೆ ಹಾಕುತ್ತಿಲ್ಲ. ನಿನ್ನ ಕೈಗೆ ಕೊಟ್ಟವಳು ಹುಲಿಗೆಮ್ಮ. ಓದಿ ಮುಗಿಸುವತನಕ ಬಾಗಿಲಲ್ಲೇ ನಿಂತಿರುತ್ತೇನೆ ಎಂದಿದ್ದಾಳೆ. ಮುಗಿಯಿತು. ತಲೆ ಎತ್ತು.