ಪುಟ್ಟತಾಯಿಯ ಎಡಗೈ

೧೪ ಜುಲೈ ೧೯೫೯, ಮಂಗಳವಾರ

ನನ್ನ ಮೂರನೇ ತರಗತಿಯ ಪುಟ್ಟತಾಯಿ ಇವತ್ತು ಬರೆದಳು! ಎಡಗೈಯಲ್ಲಿ ಬಳಪ ಹಿಡಿಯಬಾರದೆಂದು ಮನೆಯವರು ಆ ಕೈಗೆ ಬಟ್ಟೆ ಕಟ್ಟಿ ಕಳಿಸುತ್ತಿದ್ದರು. ಹುಡುಗಿ ಸ್ಲೇಟು ಮುಟ್ಟುವುದನ್ನೇ ಬಿಟ್ಟಿದ್ದಳು. ಶಾಲೆ ಬಿಡಿಸುವ ಮಾತೂ ಎದ್ದಿತ್ತು. ಸಂಜೆ ಬೈರಸಂದ್ರದ ಅವರ ಮನೆಗೆ ನಾನೇ ಹೋದೆ.

“ಎಡಗೈಲಿ ಬರೆದ್ರೆ ಸರಸ್ವತಿ ಒಲೀತಾಳಾ ಮೇಷ್ಟ್ರೇ?” ಎಂದರು ಅಜ್ಜಿ ಮುನಿಲಕ್ಷ್ಮಮ್ಮ.

“ಗಂಟು ಬಿಚ್ಚಿ, ನೀವೇ ನೋಡಿ.”

ಅಪ್ಪ ಚಿಕ್ಕಬೈರಪ್ಪ ಬಿಚ್ಚಿದರು. ಅವಳು ಸ್ಲೇಟಿನ ತುಂಬ ಅಪ್ಪನ ಹೆಸರು ಬರೆದಳು. ಓದು ಬಾರದ ಅವರು “ಇದು ನಾನಾ?” ಎಂದು ಬೆರಳು ಚಾಚಿ, ಅಳಿಸೀತೆಂದು ಹಿಂದಕ್ಕೆಳೆದುಕೊಂಡರು.

ಅಜ್ಜಿಯೂ ಸೋತರು: “ಬರೀಲಿ ಬಿಡಿ. ಉಣ್ಣೋದು ಮಾತ್ರ ಬಲಗೈಲೇ!”

ಒಪ್ಪಿ ಬಂದೆ. ಖುಷಿಗೆ ನಿದ್ದೆಯೇ ಹತ್ತುತ್ತಿಲ್ಲ. ನಾಳೆ ಕರಿಹಲಗೆಯ ಮುಂದೆ ಮೊದಲು ಅವಳನ್ನೇ ನಿಲ್ಲಿಸಬೇಕು, ಸೀಮೆಸುಣ್ಣ ಅವಳ ಎಡಗೈಗೇ ಕೊಡಬೇಕು.