ದೇವರ ಪಾಲಿನ ನಲ್ಲಿ

ಇಸವಿ ಮೂರು ಸಾವಿರದ ನೂರಾ ನಾಲ್ಕು, ಹದಿನಾಲ್ಕನೆಯ ತಿಂಗಳು, ನಲವತ್ತನೆಯ ತಾರೀಖು. ಕೋಲಾರದ ಹಳೆಯ ಚಿನ್ನದ ಗಣಿ, ಒಂಬತ್ತನೆಯ ಅಂತಸ್ತು.

ಸಾವಿರ ವರ್ಷ ಹಿಂದಿನ ಮಹಾಶಯರೇ, ಬಿಸಿಲು ಕಂಡ ಪುಣ್ಯವಂತರೇ! ನನ್ನ ಮಾತು ಒರಟೆನಿಸಿದರೆ ಕ್ಷಮಿಸಿ. ಗಾಳಿಯನ್ನು ಅಳೆದು ಕೊಡುವ ಊರಿನಲ್ಲಿ ಮೊದಲು ಸಾಯುವುದು ಮೆತ್ತನೆಯ ಪದಗಳೇ.

ಇಲ್ಲಿ ದುಡಿಯುವವರಿಗೆ ಮಾತ್ರ ಗಾಳಿ. ರೋಗಿಗಳಿಗೆ ಉಳಿದಿರುವುದು ದೇವರ ಪಾಲು, ಅಂದರೆ ಚಾವಡಿಯಲ್ಲಿರುವ, ಗಾಳಿ ಬಿಡುವ ಒಂದೇ ಒಂದು ನಲ್ಲಿ. ದೇವರೇ ಇಲ್ಲದಿದ್ದರೆ ಅವನಿಗೆಲ್ಲಿಯ ಪಾಲು? ಆದ್ದರಿಂದ ರೋಗಿಯ ಮನೆಯವರು ಕಟ್ಟೆ ಹತ್ತಿ, ದೇವರಿದ್ದಾನೆಂದು ಸಾಧಿಸಬೇಕು. ವಾದ ನಿಂತಿರುವಷ್ಟು ಹೊತ್ತು ನಲ್ಲಿ ತೆರೆದಿರುತ್ತದೆ. ಎದುರಿಗೆ ಕೂತು ವಾದದಲ್ಲಿ ತೂತು ಹುಡುಕುವವನೇ ತೂತುಗಾರ. ತೂತು ಸಿಕ್ಕಿತೋ, ನಲ್ಲಿ ಬಂದ್! ಸೋತವರೇ ಮುಂದಿನ ತೂತುಗಾರರಾಗಬೇಕೆಂಬುದು ಹಿರಿಯರ ಕಟ್ಟಳೆ. ಸೋತವರಿಗೆ ಕರುಣೆ ಇರುವುದಿಲ್ಲವಲ್ಲ. ವಾದದಲ್ಲಿ ಸೋತು ಹೆಂಡತಿಯನ್ನು ಕಳೆದುಕೊಂಡ ದಿನವೇ ಈ ಬಯ್ಯಣ್ಣ, ಅಂದರೆ ನಾನು, ಆ ಪೀಠವೇರಿದೆ.

ಮೂರನೆಯ ದಿನ ಬಂದವಳು ಪಂಪಿನ ಚಕ್ರಕ್ಕೆ ಎಣ್ಣೆ ಹಾಕುವ ಚಿಕ್ಕಮುನಿಯಮ್ಮ. ಐದು ವರ್ಷದ ಮಗನನ್ನು ನಲ್ಲಿಯ ಕೆಳಗೆ ಮಲಗಿಸಿ ಕಟ್ಟೆ ಹತ್ತಿದಳು.

“ಈ ಗಣಿ ತಾನೇ ತೋಡ್ಕೊಂತಾ ಬಯ್ಯಣ್ಣಾ? ಯಾರೋ ತೋಡಿದ್ರು. ಲೋಕಾನೂ ಹಂಗೇ!”

“ತೋಡಿದೋನ್ಗೆ ಹೆತ್ತೋಳು ಇದ್ಲು, ತಾಯಿ. ನಿನ್ ದೇವ್ರನ್ನ ಹೆತ್ತೋಳ ಹೆಸ್ರೇನು?”

ಸಭೆ ಗೊಳ್ಳೆಂದಿತು.

“ಅವನ್ಗೆ ಹೆತ್ತೋರು ಬೇಕಿಲ್ಲ!”

“ಅವನ್ಗೆ ಬೇಕಿಲ್ದಿದ್ರೆ ಲೋಕಕ್ಯಾಕಮ್ಮ ಬೇಕು?”

ನಲ್ಲಿ ತಿರುಗಿಸಲು ನನ್ನ ಕೈ ಎದ್ದಿತು. ಅವಳು ಚೀರಿದಳು: “ನನ್ ಮಗ ಉಸಿರಾಡ್ಬೇಕು ಕಣಪ್ಪಾ, ಅದಕ್ಕಾದ್ರೂ ಅವನು ಇರ್ಬೇಕು!”

“ಬೇಕು ಅಂದಿದ್ದೆಲ್ಲಾ ಇರೋದಾದ್ರೆ, ನನ್ ಹೆಂಡ್ತಿ ಈಗ ಮುಂದಿನ ಸಾಲಲ್ಲಿ ಕೂತಿರ್ತಿದ್ಲು!”

ಆಹಾ, ಎಂಥ ಚಪ್ಪಾಳೆ! ಒನ್ಸ್ ಮೋರ್ ಎಂದರು. ಅವಳ ಮಗ ನೀಲಿಯಾಗುತ್ತಿದ್ದಾಗ ನಾನು ಎರಡು ಸಲ ಬಗ್ಗಿ ನಮಸ್ಕರಿಸಿದೆ. ನಿಧಾನವಾಗಿ ಯೋಚಿಸುವ ನಟನೆ ಮಾಡಿ ನಲ್ಲಿಯನ್ನು ಇನ್ನಷ್ಟು ಹೊತ್ತು ತೆರೆದಿಡಬಹುದಿತ್ತು. ಯಾಕೆಂದು ಯಾರೂ ಕೇಳುತ್ತಿರಲಿಲ್ಲ.

ಈಗ ನನ್ನ ಮೊಮ್ಮಗಳು ಪಾಪಕ್ಕನ ಎದೆಗೆ ಗಣಿಯ ದೂಳು ಹೊಕ್ಕಿದೆ. ಹತ್ತು ದಿನ ಗಾಳಿ ಸಿಕ್ಕರೆ ಬದುಕುತ್ತಾಳೆ ಎನ್ನುತ್ತಾರೆ ವೈದ್ಯರು. ನಾಳೆ ನಾನು ಕಟ್ಟೆ ಹತ್ತಬೇಕು. ಪೀಠದಲ್ಲಿ ಚಿಕ್ಕಮುನಿಯಮ್ಮ. ಇಂದು ದಾರಿಯಲ್ಲಿ ಸಿಕ್ಕಿ, “ಚೆನ್ನಾಗಿ ಕಲ್ತು ಬಾರಪ್ಪಾ, ಜನ ಜಾಸ್ತಿ ಬರ್ತಾರಂತೆ” ಎಂದು ನಕ್ಕಳು. ಹನ್ನೊಂದು ವಾದ ಕಟ್ಟಿದೆ. ಹನ್ನೊಂದನ್ನೂ ನಾನೇ ಒಡೆದೆ.

ನಿಮಗೆ ಗಾಳಿಯಿದೆ, ಪುರುಸೊತ್ತಿದೆ. ಒಂದು ವಾದವನ್ನು ಈ ಗಣಿಯ ಬಂಡೆಯ ಮೇಲೆ ಕೊರೆದಿಡಿ. ಬಂಡೆ ಸಾವಿರ ವರ್ಷ ತಾಳುತ್ತದೆ, ನಾನು ಹುಡುಕಿಕೊಳ್ಳುತ್ತೇನೆ. ತೂತಿಲ್ಲದ್ದನ್ನು ಕೇಳುತ್ತಿಲ್ಲ. ದೇವರು ಇರಲಿ, ಇಲ್ಲದಿರಲಿ, ಹತ್ತು ದಿನ ನಿಲ್ಲುವಂಥ ಸುಳ್ಳಾದರೂ ಸಾಕು. ಆದರೆ ಗಟ್ಟಿಯಾಗಿರಲಿ. ಚಿಕ್ಕಮುನಿಯಮ್ಮ ಬಲು ಚುರುಕು. ಅವಳಿಗೆ ಕಲಿಸಿದವನು ನಾನೇ.