ಗಾಡಿಯಪ್ಪನಿಗೆ ಕುಂಕುಮ ಇಡುವ ಮುನ್ನ

ಮುಳಬಾಗಿಲು
ಇಸವಿ 2164, ಎರಡನೇ ಬೇಸಿಗೆಯ ನಲವತ್ತೊಂದನೇ ದಿನ

ಪಿಳ್ಳಮ್ಮಜ್ಜಿಗೆ, ನಿನ್ನ ಮರಿಮೊಮ್ಮಗಳ ಮೊಮ್ಮಗಳು ಇಂಪನಾ ಮಾಡುವ ನಮಸ್ಕಾರ.

ತಾರೀಖು ನೋಡಿ ನಗಬೇಡ. ನಮಗೀಗ ವರ್ಷಕ್ಕೆ ಎರಡು ಬೇಸಿಗೆ. ತಿಂಗಳುಗಳ ಹೆಸರು ಪಂಚಾಂಗದಲ್ಲಷ್ಟೇ ಉಳಿದಿದೆ. ನನ್ನ ಮಾತು ನಿನಗೆ ಎಲ್ಲಾದರೂ ತೊಡಕಾದರೆ ಕ್ಷಮಿಸು. ಕಾಲೇಜಿನಲ್ಲಿ ಐದು ವರ್ಷ ಮಣ್ಣಿನ ರಸಾಯನಶಾಸ್ತ್ರ ಓದಿದವಳು ನಾನು. ಎಂಟು ತಿಂಗಳ ಮಗುವಿನ ತಾಯಿ. ಹನ್ನೊಂದು ದಿನದಿಂದ ನಿದ್ದೆಯಿಲ್ಲ. ವಾಕ್ಯಗಳು ಅಲ್ಲಲ್ಲಿ ಸಡಿಲವಾಗಿರಬಹುದು. ಸಿಟ್ಟು ಮಾತ್ರ ಬಿಗಿಯಾಗಿಯೇ ಇದೆ, ಅದೂ ನಿನ್ನ ಮೇಲೆ.

ನೀನು ಟೊಮೊಟೊ ಕ್ರೇಟು ಹೇರಿಕೊಂಡು ಮಂಡಿಗೆ ಓಡಿಸುತ್ತಿದ್ದ ಪಿಕಪ್ ಇನ್ನೂ ನಮ್ಮ ಮನೆಯಲ್ಲಿದೆ. ಡೀಸೆಲ್ ಕಾಣದೆ ಐವತ್ತು ವರ್ಷವಾಯಿತು. ಹೊಂಗೆ ಎಣ್ಣೆಯಲ್ಲಿ ಓಡುತ್ತದೆ, ಹೋದ ಕಡೆಯೆಲ್ಲ ಕಮಟು ವಾಸನೆ ಬಿಟ್ಟು ಬರುತ್ತದೆ. ಉಳಿದ ಜನ ಓಡಾಡುವುದು ತಾನೋಡಿಯಲ್ಲಿ. ತಾನೇ ಓಡುವ ಗಾಡಿಗೆ ನಾವಿಟ್ಟ ಹೆಸರು ಅದು. ಅದರಲ್ಲಿ ಕೂತರೆ ಮೊದಲು ಎಲ್ಲಿಗೆ ಎಂದು ಕೇಳುತ್ತದೆ, ಆಮೇಲೆ ಯಾಕೆ ಎಂದು ಕೇಳುತ್ತದೆ. ಆಸ್ಪತ್ರೆ, ಕೆಲಸ, ಮದುವೆ, ಸಾವು, ಹೀಗೆ ಇಪ್ಪತ್ತಾರು ಕಾರಣಗಳಿವೆ. ಸುಮ್ಮನೆ ಎನ್ನುವುದು ಅದರಲ್ಲಿಲ್ಲ. ನಾನೊಮ್ಮೆ ಹಾಗೆ ಹೇಳಿ ನೋಡಿದೆ. ಬಾಗಿಲು ತೆರೆದು ನನ್ನನ್ನು ಇಳಿಸಿತು.

ನಿನ್ನ ಪಿಕಪ್ ಏನನ್ನೂ ಕೇಳುವುದಿಲ್ಲ. ಬಾಗಿಲು ತೆರೆಯಬೇಕಾದರೆ ಮೂರು ಸಲ ಬಡಿಯಬೇಕು. ಕಿಟಕಿಯ ಗಾಜನ್ನು ಎರಡು ಕೈಯಲ್ಲಿ ಒತ್ತಿ ಇಳಿಸಬೇಕು. ಸ್ಟೇರಿಂಗು ನಾಲ್ಕು ಬೆರಳಷ್ಟು ಸುಮ್ಮನೆ ತಿರುಗಿ ಆಮೇಲೆ ಗಾಲಿಗೆ ಸುದ್ದಿ ಮುಟ್ಟಿಸುತ್ತದೆ. ಎರಡನೇ ಗೇರು ಬೀಳಬೇಕಾದರೆ ಪುಸಲಾಯಿಸಬೇಕು, ಎಡಕ್ಕೆ ತಿರುಗಿದರೆ ಹಾರ್ನು ತಾನಾಗಿ ಕೂಗುತ್ತದೆ. ಇಷ್ಟೆಲ್ಲ ಕಾಟದ ನಡುವೆ ಬೆಟ್ಟದ ಗಾಳಿ ಮುಖಕ್ಕೆ ಹೊಡೆದಾಗ, ಈ ದರಿದ್ರ ಗಾಡಿ ನನ್ನ ಕೈಯಿಂದಲೇ ಹೋಗುತ್ತಿದೆಯಲ್ಲ ಎನಿಸಿ, ಬಾಣಂತನದ ನಂತರ ಮೊದಲ ಸಲ ನಾನು ಗಟ್ಟಿಯಾಗಿ ನಕ್ಕಿದ್ದೆ. ನನ್ನ ಮಗಳು ನೇಸರ ತೊಟ್ಟಿಲಲ್ಲಿ ಮಲಗುವುದಿಲ್ಲ, ತೊಡೆಯ ಮೇಲೆ ಮಲಗುವುದಿಲ್ಲ. ಪಿಕಪ್ಪಿನ ಗಡಗಡ ಶುರುವಾದರೆ ಐದೇ ನಿಮಿಷ. ಪಕ್ಕದ ಸೀಟಿಗೆ ಅವಳ ಬುಟ್ಟಿ ಕಟ್ಟಿಕೊಂಡು ದಿನಾ ಮಧ್ಯಾಹ್ನ ಬೆಟ್ಟದ ದಾರಿಯಲ್ಲಿ ಒಂದು ಸುತ್ತು ಹಾಕಿ ಬರುತ್ತಿದ್ದೆ. ಈಗ ರಸ್ತೆಗಳನ್ನೆಲ್ಲ ಆಳುವ ಬೀದಿ ಮಂಡಳಿಯವರು ಕೊಟ್ಟ ಪರವಾನಗಿ ಐದು ಕಿಲೋಮೀಟರಿಗೆ. ನಮಗೆ ಅಷ್ಟು ಸಾಕಿತ್ತು.

ಹನ್ನೊಂದು ದಿನದ ಹಿಂದೆ ಏರಿನಲ್ಲಿ ಸೀತಾಫಲದ ಗಿಡ ಕಂಡು ನಿಲ್ಲಿಸಿದೆ. ಮಗು ಮಲಗಿತ್ತು. ಎಂಜಿನ್ ಆರಿಸಿ, ಗೇರು ತೆಗೆದು, ಹ್ಯಾಂಡ್‌ಬ್ರೇಕು ಎಳೆದೇ ಇಳಿದೆ. ಎರಡು ಹಣ್ಣು ಕಿತ್ತಿದ್ದೆ. ಕೆಳಗೆ ಮೇಕೆ ಮೇಯಿಸುತ್ತಿದ್ದ ಪಾಪಣ್ಣಜ್ಜ ಕೂಗಿಕೊಂಡ: "ಅಮ್ಮಯ್ಯೋ, ಗಾಡಿ! ಗಾಡಿ ಒಂಟೋಯ್ತು!"

ಹಿಂದಕ್ಕೆ ಹೋಗುತ್ತಿತ್ತು, ಅಜ್ಜಿ. ಸದ್ದೇ ಇರಲಿಲ್ಲ. ಓಡಿದೆ, ಬಾಗಿಲು ಕೈಗೆ ಸಿಕ್ಕಿತು, ತೆರೆಯಲಿಲ್ಲ. ಅದನ್ನು ಮೂರು ಸಲ ಬಡಿಯಬೇಕಲ್ಲ. ಬಿದ್ದೆ. ಗಾಡಿ ತಿರುವಿನ ಆಚೆ ಲಂಟಾನ ಪೊದೆಗೆ ನುಗ್ಗಿ, ಹೊಲದ ಬದುವಿಗೆ ಒರಗಿ ನಿಂತಿತು. ನಾನು ಕಿಟಕಿಯಿಂದ ಬಗ್ಗಿ ನೋಡಿದಾಗ ನೇಸರ ನಿದ್ದೆಯಲ್ಲೇ ತುಟಿ ಚೀಪುತ್ತಿದ್ದಳು. ಪಾಪಣ್ಣಜ್ಜ ಏದುಸಿರು ಬಿಡುತ್ತಾ ಬಂದವನು ಮಗುವನ್ನು ನೋಡಿದ, ಗಾಲಿಯನ್ನು ನೋಡಿದ, ನನ್ನನ್ನು ನೋಡಿದ. "ಏರಲ್ಲಿ ನಿಲ್ಲಿಸ್ದಾಗ ಟೈರ್‌ಗೆ ಕಲ್ಲು ಕೊಡಬಾರ್ದೇನಮ್ಮ? ಎಷ್ಟ್ ಓದಿದ್ರೇನ್ ಬಂತು? ನಮ್ಮಪ್ಪ ಏಳ್ತಿದ್ದ, ನಿಮ್ ಪಿಳ್ಳಮ್ಮನ ಗಾಡೀಲಿ ಬ್ರೇಕ್ ಇಲ್ದಿದ್ರೂ ಕಲ್ಲು ಇರ್ತಿತ್ತಂತೆ."

ಕಲ್ಲು. ಮನೆಗೆ ಬಂದು ಸೀದಾ ದೇವರ ಗೂಡಿಗೆ ಹೋದೆ. ಅಲ್ಲಿ ಗಾಡಿಯಪ್ಪ ಇದ್ದಾನೆ. ನಿನಗೆ ಈ ದೇವರು ಗೊತ್ತಿಲ್ಲ, ಏಕೆಂದರೆ ಇವನನ್ನು ಮಾಡಿದವಳೇ ನೀನು. ಆಯುಧ ಪೂಜೆಯಲ್ಲಿ ಗಾಡಿಗೆ ಕುಂಕುಮ ಇಟ್ಟ ಕೈಯಿಂದಲೇ, ಗಾಲಿಗೆ ಕೊಡುತ್ತಿದ್ದ ಆ ಕಲ್ಲಿಗೂ ಇಟ್ಟಿರಬೇಕು. ನಿನ್ನ ಮಗಳು ಅದನ್ನು ನೋಡಿ ಹೂವು ಇಟ್ಟಿರಬೇಕು. ಅವಳ ಮಗಳು, ದೇವರು ಗಾಡಿಯಲ್ಲಿ ಧೂಳು ತಿನ್ನುವುದು ಬೇಡವೆಂದು ಒಳಗೆ ತಂದಿರಬೇಕು. ನಮ್ಮ ಮನೆಯ ಮಕ್ಕಳಿಗೆಲ್ಲ ಮೊದಲ ಅನ್ನ ಉಣ್ಣಿಸುವುದು ಅವನ ಮುಂದೆ. ನೇಸರಳಿಗೂ ಅಲ್ಲೇ ಉಣ್ಣಿಸಿದೆವು. ನಾನು ಅವನನ್ನು ಬಚ್ಚಲಿಗೆ ಒಯ್ದು ಉಜ್ಜಿದೆ. ನೂರು ವರ್ಷದ ಅರಿಶಿನ ಕುಂಕುಮ ಹೋದ ಮೇಲೆ ಒಂದು ಕಡೆ ಇಳಿಜಾರಾಗಿ ಸವೆದ ಮುಖ, ಅದರ ಮೇಲೆ ಟೈರಿನ ಕಪ್ಪು ಗುರುತು. ನಮ್ಮಮ್ಮ ಗಂಗರತ್ನ ಬಾಗಿಲಲ್ಲಿ ನಿಂತು ಬಾಯಿ ಬಡಿದುಕೊಂಡಳು: "ದೇವ್ರನ್ನ ಬಚ್ಚಲಲ್ಲಿ ಹಾಕಿ ಉಜ್ತಿದೀಯಲ್ಲೇ ಪಾಪಿ! ಮಗೂನ ಉಳಿಸಿದ್ದೇ ಅವನು ಕಣೇ."

ಅವನು ಉಳಿಸಲಿಲ್ಲ. ಗಾಡಿಯಲ್ಲಿ ಇದ್ದಿದ್ದರೆ ಉಳಿಸುತ್ತಿದ್ದ.

ಬೀದಿ ಮಂಡಳಿಯವರು ಮರುದಿನವೇ ಬಂದರು. ಗಾಡಿ ಒಪ್ಪಿಸಿದರೆ ವಿಚಾರಣೆಯಿಲ್ಲ, ಒಪ್ಪಿಸದಿದ್ದರೆ ಮಗುವಿನ ಮೇಲೆ ಅವರ ನಿಗಾ ಎಂದರು. ನಾನು ತಕ್ಷಣ ಹೆಬ್ಬೆಟ್ಟು ಒತ್ತಿದೆ, ಯೋಚಿಸಲೂ ಇಲ್ಲ. ಮಂಗಳವಾರ ಒಯ್ದು ಹಿಂಡಿ ತಗಡು ಮಾಡುತ್ತಾರೆ. ಅಲ್ಲಿಯವರೆಗೆ ಅದು ಅಂಗಳದಲ್ಲಿ ನಿಂತಿರುತ್ತದೆ, ಗಾಲಿಗೆ ಗಾಡಿಯಪ್ಪನನ್ನು ಕೊಟ್ಟಿದ್ದೇನೆ. ಅಮ್ಮ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ನೇಸರ ಮಲಗುತ್ತಿಲ್ಲ. ನಾನು ಕಣ್ಣು ಮುಚ್ಚಿದರೆ ಆ ಗಾಲಿ ತಿರುಗುತ್ತದೆ.

ಈ ಗಾಡಿಯ ಕತೆ ನಮ್ಮ ಮನೆಯಲ್ಲಿ ಎಷ್ಟೊಂದು ಹೇಳಿದ್ದಾರೆ! ನೀನು ಮೀಸೆ ಹೊತ್ತ ಗಂಡಸರನ್ನು ಹಿಂದೆ ಹಾಕಿದ್ದು, ಮದುವೆ ದಿಬ್ಬಣವನ್ನೇ ಹೇರಿಕೊಂಡು ಹೋದದ್ದು. ಬ್ರೇಕು ಹಿಡಿಯುವುದಿಲ್ಲ ಎಂದು ಯಾರೂ ಹೇಳಲಿಲ್ಲ. ನೀವು ನಮಗೆ ಬೇಕಾದಷ್ಟು ಬಿಟ್ಟು ಹೋದಿರಿ, ಪೂಜೆ ಮಾಡಲು. ಬಳಸುವುದು ಹೇಗೆಂದು ಹೇಳುವಷ್ಟು ಪುರುಸೊತ್ತು ನಿಮಗಾಗಲಿಲ್ಲ.

ಕೇಳುವುದು ಇಷ್ಟೇ. ಈ ಸಲದ ಆಯುಧ ಪೂಜೆಯಲ್ಲಿ ಕುಂಕುಮ ಇಡಬೇಡ ಎನ್ನುವುದಿಲ್ಲ, ಇಡು. ಇಟ್ಟ ಮೇಲೆ ಪಕ್ಕದಲ್ಲಿರುವ ಮಗಳ ಕೈಗೆ ಆ ಕಲ್ಲು ಕೊಡು, ಅವಳಿಂದಲೇ ಗಾಲಿಗೆ ಇಡಿಸು, ಒಂದು ಸಲ ಗಾಡಿಯನ್ನು ನೂಕಿ ತೋರಿಸು. ನಾನೂ ನೇಸರಳಿಗೆ ಕಲಿಸುತ್ತೇನೆ. ಮಂಗಳವಾರದ ಮೇಲೆ ಕಲ್ಲೊಂದೇ ಉಳಿಯುತ್ತದೆ, ಗಾಲಿ ಇರುವುದಿಲ್ಲ. ನನ್ನ ಮಾತನ್ನೇ ಅವಳು ನಂಬಬೇಕು.

ಇಂಪನಾ